ಜೋಹಾನ್ಸ್‌ಬರ್ಗ್‌ನಲ್ಲಿ ಐದು ದಿನ: ಪೀಣ್ಯದ ಕಾರ್ಖಾನೆಯೊಂದು ಲೈಸೆನ್ಸ್ ಇರುವ ಅಂಗರಕ್ಷಕರನ್ನು ಗೊತ್ತುಮಾಡಿಕೊಂಡ ಬಗೆ

ಪೀಣ್ಯ ಎರಡನೇ ಹಂತದಲ್ಲಿರುವ ಮಧ್ಯಮ ಗಾತ್ರದ ಕಾರ್ಖಾನೆ. ಗಣಿಗಳಲ್ಲಿ ನೀರೆತ್ತುವ ಪಂಪುಗಳಿಗೆ ವಾಲ್ವ್ ತಯಾರಿಸುತ್ತದೆ. ಅದರ ಎಂ.ಡಿ. ಮತ್ತು ಒಬ್ಬ ಹಿರಿಯ ಎಂಜಿನಿಯರ್ ಜುಲೈನಲ್ಲಿ ಐದು ದಿನದ ಮಟ್ಟಿಗೆ ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ಗೆ ಹೋಗಬೇಕಿತ್ತು. ಸ್ಯಾಂಡ್ಟನ್‌ನಲ್ಲಿ ಮಾತುಕತೆ, ಜರ್ಮಿಸ್ಟನ್‌ನ ವರ್ಕ್‌ಶಾಪ್ ಒಂದಕ್ಕೆ ಭೇಟಿ, ಒಂದು ದಿನ ಕಾರ್ಲೆಟನ್‌ವಿಲ್ ಕಡೆಯ ಚಿನ್ನದ ಗಣಿ. ಜೊತೆಯಲ್ಲಿ ಎರಡು ಲ್ಯಾಪ್‌ಟಾಪ್, ಡ್ರಾಯಿಂಗ್‌ಗಳು, ಮಾದರಿ ವಾಲ್ವ್ ಇಟ್ಟ ಒಂದು ಪೆಟ್ಟಿಗೆ. ಇದು ಕಲಿಕೆಗಾಗಿ ಕಟ್ಟಿದ ಮಾದರಿ ಪ್ರಕರಣ. ಕಾರ್ಖಾನೆ, ಜನ, ದಿನಚರಿ ಕಲ್ಪಿತ. ಕಾನೂನು, ರಸ್ತೆ, ಅಪಾಯದ ಬಗೆಗಳು ಅಲ್ಲಿರುವಂಥವೇ.

ಮೊದಲು ಬಂದ ಎರಡು ಸಲಹೆ

ಎಂ.ಡಿ.ಯವರ ಮನೆಯವರ ಸಲಹೆ, ಬೆಂಗಳೂರಿನಲ್ಲಿ ಅವರ ಜೊತೆ ಓಡಾಡುವ ಗನ್‌ಮ್ಯಾನ್‌ನನ್ನೇ ಕರೆದುಕೊಂಡು ಹೋಗಲಿ ಎಂಬುದು. ಅದು ಆಗದ ಮಾತು. ಆತನ ಬಂದೂಕಿನ ಲೈಸೆನ್ಸ್ ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯದು. ಆತನನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿಯ ಲೈಸೆನ್ಸ್ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯದು. ಎರಡಕ್ಕೂ ಭಾರತದ ಗಡಿಯಾಚೆ ಬೆಲೆಯಿಲ್ಲ. ಬಂದೂಕು ಬಿಟ್ಟು ಬರಿಗೈಯಲ್ಲಿ ಹೋದರೂ ತೊಡಕು ಉಳಿಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಹಣಕ್ಕಾಗಿ ಇನ್ನೊಬ್ಬರನ್ನು ಕಾಯುವವರೆಲ್ಲ ಪಿಎಸ್‌ಐಆರ್‌ಎ ಎಂಬ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. 2001ರ ಖಾಸಗಿ ಭದ್ರತಾ ಉದ್ಯಮ ನಿಯಂತ್ರಣ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ನೋಂದಣಿ ಸಾಮಾನ್ಯವಾಗಿ ಅಲ್ಲಿನ ನಾಗರಿಕರಿಗೆ ಮತ್ತು ಕಾಯಂ ವಾಸದ ಹಕ್ಕು ಪಡೆದವರಿಗೆ ಮಾತ್ರ ಸಿಗುತ್ತದೆ.

ಎರಡನೆಯ ಸಲಹೆ ಇನ್ನೂ ಆಕರ್ಷಕವಾಗಿತ್ತು. ರಾಜಾಜಿನಗರದ ಪರಿಚಯಸ್ಥರೊಬ್ಬರಿಗೆ ಜೋಹಾನ್ಸ್‌ಬರ್ಗ್‌ನ ಲೆನೇಸಿಯಾ ಬಡಾವಣೆಯಲ್ಲಿ ಗೆಳೆಯರಿದ್ದರು. “ನಮ್ಮವನೇ ಸರ್, ಪೊಲೀಸಲ್ಲಿದ್ದಾನೆ, ರಜೆ ಹಾಕಿ ಬರ್ತಾನೆ. ಗನ್ನೂ ಅವನದೇ, ಕಾರೂ ಅವನದೇ” ಎಂದರು. ಕೇಳಿದ ಹಣ ಕಂಪನಿಗಳ ಕೊಟೇಶನ್‌ನ ಮೂರನೇ ಒಂದು ಪಾಲು. ಇಲ್ಲಿ ಹಣ ಉಳಿಯಿತೆಂದು ಒಪ್ಪಿಕೊಂಡವರು ಬಹಳ. ಒಪ್ಪಬಾರದು. ಸೇವೆಯಲ್ಲಿರುವ ಪೊಲೀಸರಿಗೆ ಪಿಎಸ್‌ಐಆರ್‌ಎ ನೋಂದಣಿ ಕೊಡುವಂತೆಯೇ ಇಲ್ಲ. ಇನ್ನು ಆತನ ಸ್ವಂತ ಬಂದೂಕು. 2000ದ ಬಂದೂಕು ನಿಯಂತ್ರಣ ಕಾಯ್ದೆಯ 13ನೇ ಸೆಕ್ಷನ್ ಲೈಸೆನ್ಸ್ ಇರುವುದು ಸ್ವಂತ ರಕ್ಷಣೆಗೆ. ಸಂಬಳ ಪಡೆದು ಇನ್ನೊಬ್ಬರನ್ನು ಕಾಯಲು ಬೇಕಾದದ್ದು 20ನೇ ಸೆಕ್ಷನ್ ಲೈಸೆನ್ಸ್, ಅಂದರೆ ವ್ಯವಹಾರದ ಬಳಕೆಯದು. ಅದು ಭದ್ರತಾ ಕಂಪನಿಯ ಹೆಸರಲ್ಲಿರುತ್ತದೆ. ಹೀಗಿರುವಾಗ ಒಂದು ಗುಂಡು ಹಾರಿತೆಂದರೆ ವಿಮೆಯವರು ಕೈಕೊಡವುತ್ತಾರೆ, ಗನ್‌ಮ್ಯಾನ್ ಆರೋಪಿಯಾಗುತ್ತಾನೆ, ನಿಮ್ಮವರು ಪಾಸ್‌ಪೋರ್ಟ್ ಕೊಟ್ಟು ಠಾಣೆಯಲ್ಲಿ ಕೂರುತ್ತಾರೆ.

ಬೆಂಗಳೂರಿನ ಕಚೇರಿಗಳಲ್ಲಿ ಯಾರೂ ಗಮನಿಸದ ಇನ್ನೊಂದು ಅಂಶವಿದೆ. ಅದೇ 2001ರ ಕಾಯ್ದೆಯ 38ನೇ ಸೆಕ್ಷನ್, ನೋಂದಣಿ ಇಲ್ಲದವರಿಂದ ತಿಳಿದೂ ತಿಳಿದೂ, ಅಥವಾ ವಿಚಾರಿಸಬೇಕಾದಷ್ಟು ವಿಚಾರಿಸದೆ ಸೇವೆ ಪಡೆದ ಗಿರಾಕಿಯನ್ನೂ ಅಪರಾಧಿ ಎನ್ನುತ್ತದೆ. “ನಮಗೆ ಗೊತ್ತಿರಲಿಲ್ಲ” ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಅಪಾಯ ಯಾವುದು, ಎಲ್ಲಿ

ಅಂಗರಕ್ಷಕ ಬೇಕೋ ಬೇಡವೋ ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು, ಯಾವ ಹೊತ್ತಿನಲ್ಲಿ, ಯಾವ ರಸ್ತೆಯಲ್ಲಿ, ಯಾವುದಕ್ಕಾಗಿ ನಮ್ಮವರ ಮೇಲೆ ಕಣ್ಣು ಬೀಳಬಹುದು ಎಂದು. ಜೋಹಾನ್ಸ್‌ಬರ್ಗ್‌ನಲ್ಲಿ ವ್ಯಾಪಾರಕ್ಕೆ ಬಂದ ವಿದೇಶಿಯನ್ನು ಹೆಸರು ಹಿಡಿದು ಹುಡುಕಿ ಬರುವವರು ಅಪರೂಪ. ಹೆಚ್ಚಿನವರಿಗೆ ಬೇಕಾದದ್ದು ಬ್ಯಾಗು, ಫೋನು, ವಾಚು, ಕಾರು.

ಓ.ಆರ್. ಟಾಂಬೋ ವಿಮಾನ ನಿಲ್ದಾಣದಲ್ಲಿ ಇಳಿದವರನ್ನು ಹಿಂಬಾಲಿಸಿ ಹೋಟೆಲಿನ ಅಥವಾ ಮನೆಯ ಗೇಟಿನಲ್ಲಿ ದೋಚುವುದು ಅಲ್ಲಿ ಹಳೆಯ ಕಸುಬು. ಆಗಮನ ಹಾಲ್‌ನಲ್ಲಿ ಯಾರು ಕರೆನ್ಸಿ ಬದಲಾಯಿಸಿದರು, ಯಾರ ಕೈಯಲ್ಲಿ ಎಷ್ಟು ಸಾಮಾನಿದೆ ಎಂದು ನೋಡುವವನು ಒಬ್ಬ, ಹೊರಗೆ ಕಾರಿನಲ್ಲಿ ಕಾಯುವವರು ಬೇರೆಯವರು. ಎರಡನೆಯದು ನೀಲಿ ದೀಪದ ದರೋಡೆ. ಡ್ಯಾಶ್‌ಬೋರ್ಡ್ ಮೇಲೆ ನೀಲಿ ದೀಪ ಇಟ್ಟುಕೊಂಡು ಪೊಲೀಸರೆಂದು ಗಾಡಿ ನಿಲ್ಲಿಸುತ್ತಾರೆ. ಮೂರನೆಯದು ಸಿಗ್ನಲ್‌ನಲ್ಲಿ ಗಾಜು ಒಡೆದು ಬ್ಯಾಗ್ ಎಳೆಯುವುದು. ಸ್ಪಾರ್ಕ್ ಪ್ಲಗ್‌ನ ಪಿಂಗಾಣಿಯ ಚೂರೊಂದು ಸಾಕು, ಪಕ್ಕದ ಗಾಜು ಸದ್ದಿಲ್ಲದೆ ಪುಡಿಯಾಗುತ್ತದೆ. ಕಾರ್ಲೆಟನ್‌ವಿಲ್ ಕಡೆಯ ಗಣಿ ಪ್ರದೇಶವಾದ ಪಶ್ಚಿಮ ರ‍್ಯಾಂಡ್‌ನಲ್ಲಿ ಅಕ್ರಮ ಗಣಿಗಾರರ ಶಸ್ತ್ರಸಜ್ಜಿತ ಗುಂಪುಗಳಿವೆ. ಗಣಿಯ ಬೇಲಿಯ ಹೊರಗೆ ಗಾಡಿ ನಿಲ್ಲಿಸಿಕೊಂಡು ಫೋಟೊ ತೆಗೆಯುವ ಜಾಗವಲ್ಲ ಅದು.

ಈ ನಾಲ್ಕನ್ನೂ ಕೂಡಿಸಿ ನೋಡಿದರೆ ಅಪಾಯವೆಲ್ಲ ರಸ್ತೆಯ ಮೇಲೆ, ಗಾಡಿ ನಿಂತಿರುವಾಗ ಅಥವಾ ನಿಲ್ಲುವ ಹೊತ್ತಿನಲ್ಲಿ ಇರುವುದು ಕಾಣುತ್ತದೆ. ಅದಕ್ಕೇ ನಮ್ಮ ಅಭಿಪ್ರಾಯ ಸ್ಪಷ್ಟ: ಹಣ ಕಡಿಮೆ ಇದ್ದರೆ ಎರಡನೇ ಗನ್‌ಮ್ಯಾನ್ ಬಿಡಿ, ಭದ್ರತಾ ತರಬೇತಿ ಪಡೆದ ಡ್ರೈವರನ್ನು ಮಾತ್ರ ಬಿಡಬೇಡಿ. ಡ್ರೈವಿಂಗ್ ಮತ್ತು ಕಾವಲು ಎರಡನ್ನೂ ಒಬ್ಬನೇ ಮಾಡುತ್ತಾನೆಂಬ ಅಗ್ಗದ ಪ್ಯಾಕೇಜನ್ನು ಕೂಡಲೇ ಪಕ್ಕಕ್ಕಿಡಿ. ಬಾಗಿಲು ತೆರೆದು ನಿಮ್ಮನ್ನು ಇಳಿಸಿಕೊಳ್ಳುವ ಹೊತ್ತಿಗೆ ಸ್ಟೀರಿಂಗ್ ಹಿಂದೆ ಯಾರೂ ಇಲ್ಲದಿದ್ದರೆ ಆ ಗಾಡಿ ಓಡಿಹೋಗಲು ಬರುವುದಿಲ್ಲ.

ಬುಲೆಟ್ ಪ್ರೂಫ್ ಗಾಡಿಯ ಮಾತೂ ಬಂತು. ಬಿ4 ಮಟ್ಟದ್ದು ಪಿಸ್ತೂಲು, ರಿವಾಲ್ವರ್ ಗುಂಡು ತಡೆಯುತ್ತದೆ. ಬಿ6 ರೈಫಲ್ ಗುಂಡನ್ನೂ ತಡೆಯುತ್ತದೆ. ಬಿ6 ಗಾಡಿಗೆ ನೂರಾರು ಕಿಲೋ ಹೆಚ್ಚುವರಿ ತೂಕ. ಬ್ರೇಕ್ ಹಿಡಿಯುವ ದೂರ ಹೆಚ್ಚುತ್ತದೆ, ಕಿಟಕಿಗಳು ಪೂರ್ತಿ ಇಳಿಯುವುದಿಲ್ಲ, ಅದಕ್ಕೆ ಪಳಗಿದ ಡ್ರೈವರೇ ಬೇಕು. ಈ ಪ್ರವಾಸಕ್ಕೆ ಕಿಟಕಿಗೆ ಒಡೆತ ತಡೆಯುವ ಫಿಲ್ಮ್ ಹಾಕಿಸಿದ, ಟ್ರ್ಯಾಕರ್ ಇರುವ, ಬಣ್ಣದಲ್ಲಿ ಎದ್ದು ಕಾಣದ ಎಸ್‌ಯುವಿ ಸಾಕೆಂದು ತೀರ್ಮಾನವಾಯಿತು. ರೈಫಲ್ ಹಿಡಿದು ಬರುವವರು ಅಲ್ಲಿ ಹೆಚ್ಚಾಗಿ ಬ್ಯಾಂಕಿನ ಹಣ ಸಾಗಿಸುವ ವ್ಯಾನುಗಳ ಮೇಲೆ ಬೀಳುತ್ತಾರೆ. ಅದಕ್ಕೆ ಉಪಾಯ ಬೇರೆಯೇ ಇದೆ: ಮುಂದೆ ಹಣದ ವ್ಯಾನು ಕಂಡರೆ ಡ್ರೈವರ್ ಬಹಳ ಹಿಂದೆ ಉಳಿಯಬೇಕು ಅಥವಾ ದಾರಿ ಬದಲಿಸಬೇಕು.

ಕಾಗದ ನೋಡುವ ಕೆಲಸ

ಹೊರಡಲು ಐದು ವಾರ ಇರುವಾಗ ಆಡಳಿತ ವಿಭಾಗದ ಮ್ಯಾನೇಜರ್ ಮೂರು ಕಂಪನಿಗಳಿಂದ ಕೊಟೇಶನ್ ತರಿಸಿದರು. ಮೊತ್ತ ನೋಡುವ ಮುಂಚೆ ಕಾಗದ ಕೇಳಿದರು: ಕಂಪನಿಯ ಪಿಎಸ್‌ಐಆರ್‌ಎ ನೋಂದಣಿ ಮತ್ತು ಆ ನೋಂದಣಿ ಸರಿಯಾಗಿ ಚಾಲ್ತಿಯಲ್ಲಿದೆ ಎನ್ನುವ ಇತ್ತೀಚಿನ ಗುಡ್ ಸ್ಟ್ಯಾಂಡಿಂಗ್ ಪತ್ರ, ಮೂರನೆಯವರಿಗೆ ಆದ ಹಾನಿ ತುಂಬಿಕೊಡುವ ವಿಮೆಯ ಪ್ರತಿ, ಬಂದೂಕುಗಳ 20ನೇ ಸೆಕ್ಷನ್ ಲೈಸೆನ್ಸ್. ಇಷ್ಟು ಕಂಪನಿಯದು. ಇಷ್ಟಕ್ಕೇ ನಿಲ್ಲುವುದರಿಂದಲೇ ಮೋಸ ಹೋಗುವುದು. ಅಲ್ಲಿ ಕಂಪನಿಗೆ ಬೇರೆ ನೋಂದಣಿ, ಕೆಲಸಕ್ಕೆ ಬರುವ ಪ್ರತಿಯೊಬ್ಬನಿಗೂ ಬೇರೆ ನೋಂದಣಿ. ಕಾಸ್ಟಿಂಗ್ (ಎರಕದ ಭಾಗ) ಬಂದಾಗ ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರನ್ನು, ಅಂದರೆ ಲೋಹ ಕರಗಿಸಿದ ಸರದಿಯ ಗುರುತನ್ನು, ಲೋಹದ ಮೇಲೆ ಒತ್ತಿದ ನಂಬರಿನೊಂದಿಗೆ ತಾಳೆ ನೋಡದೆ ಪೀಣ್ಯದಲ್ಲಿ ಯಾರೂ ಮಾಲು ಒಳಗೆ ತೆಗೆದುಕೊಳ್ಳುವುದಿಲ್ಲ. ಮನುಷ್ಯರ ವಿಚಾರದಲ್ಲೂ ಅದೇ ತಾಳೆ ಬೇಕು: ಹೆಸರು, ಗುರುತಿನ ಚೀಟಿಯ ಫೋಟೊ, ಪಿಎಸ್‌ಐಆರ್‌ಎ ನಂಬರ್, ಪ್ರಾಧಿಕಾರದ ವೆಬ್‌ಸೈಟ್ ತೋರಿಸುವ ವಿವರ, ನಾಲ್ಕೂ ಒಂದೇ ಆಗಿರಬೇಕು.

ದರ್ಜೆಯ ವಿಚಾರದಲ್ಲಿ ಗೊಂದಲ ಸುಲಭವಾಗಿ ಆಗುತ್ತದೆ. ಪಿಎಸ್‌ಐಆರ್‌ಎ ದರ್ಜೆ ಇ ಇಂದ ಶುರುವಾಗಿ ಎ ತನಕ ಏರುತ್ತದೆ. ಎ ದರ್ಜೆ ಇದ್ದರೂ ಆತ ಗೇಟ್ ಕಾಯುವ, ಸೂಪರ್‌ವೈಸರ್ ಕೆಲಸ ಮಾಡಿದವನಾಗಿರಬಹುದು. ವ್ಯಕ್ತಿಯ ಪಕ್ಕದಲ್ಲಿ ಇದ್ದು ಕಾಯುವ ತರಬೇತಿ ಬೇರೆ, ಅದರ ಪ್ರಮಾಣಪತ್ರವೂ ಬೇರೆ. ಅದನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಶಸ್ತ್ರ ಹಿಡಿಯುವವನಾದರೆ ವ್ಯವಹಾರ ಬಳಕೆಯ ಬಂದೂಕಿಗೆ ಆತನ ಹೆಸರಿನ ಸಾಮರ್ಥ್ಯ ಪ್ರಮಾಣಪತ್ರ ಮತ್ತು ಆ ನಿರ್ದಿಷ್ಟ ಬಂದೂಕನ್ನು ಒಯ್ಯಲು ಕಂಪನಿ ಕೊಟ್ಟ ಅನುಮತಿ ಪತ್ರ ಇರಬೇಕು. ಜೊತೆಗೆ ಪ್ರಥಮ ಚಿಕಿತ್ಸೆಯ 3ನೇ ಹಂತದ ತರಬೇತಿ. ಅಂಗರಕ್ಷಕನ ಬ್ಯಾಗಿನಲ್ಲಿ ಟೂರ್ನಿಕೆ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ), ಒತ್ತುಪಟ್ಟಿ ಇದೆಯೇ ಎಂದು ಕೇಳಲು ಸಂಕೋಚ ಪಡಬೇಕಾಗಿಲ್ಲ. ಗುಂಡು ಹಾರಿಸುವ ಸಂದರ್ಭಕ್ಕಿಂತ ರಸ್ತೆ ಅಪಘಾತದಲ್ಲಿ ರಕ್ತ ನಿಲ್ಲಿಸಬೇಕಾದ ಸಂದರ್ಭವೇ ಮೊದಲು ಬರಬಹುದು.

ಮೂರರಲ್ಲಿ ಒಂದು ಕಂಪನಿ ವ್ಯಕ್ತಿಗಳ ನಂಬರ್ ಕೊಡಲು ಹಿಂದೆಗೆದು, “ಹಿಂದಿನ ದಿನ ತಿಳಿಸುತ್ತೇವೆ” ಎಂದಿತು. ಅದನ್ನು ಕೈಬಿಡಲಾಯಿತು. ಉಳಿದೆರಡರಲ್ಲಿ ಒಂದರ ದರ ಕಡಿಮೆ ಕಂಡಿತಾದರೂ ಅದು ದಿನಕ್ಕೆ 8 ಗಂಟೆಯ ದರ, ಶೇ 15ರ ವ್ಯಾಟ್ ಸೇರಿರಲಿಲ್ಲ, ಕಿಲೋಮೀಟರ್‌ಗೆ ಬೇರೆ ಹಣ. ಇನ್ನೊಂದರದು 12 ಗಂಟೆ, 200 ಕಿ.ಮೀ., ಟೋಲ್ ಸೇರಿ. ಎರಡನ್ನೂ ಒಂದೇ ಅಳತೆಗೆ ತಂದಾಗ ಎರಡನೆಯದೇ ಅಗ್ಗವಾಯಿತು.

ಆರ್ಡರಿನಲ್ಲಿ ಬರೆಸಿಕೊಂಡದ್ದು ಇದು: ಒಬ್ಬ ಅಂಗರಕ್ಷಕ, ಒಬ್ಬ ಭದ್ರತಾ ಡ್ರೈವರ್, ಇಬ್ಬರೂ ಹೆಸರು ಮತ್ತು ನಂಬರ್ ಸಹಿತ. ಬದಲಿ ಕಳಿಸುವುದಾದರೆ ಆತನ ಎಲ್ಲ ಕಾಗದವನ್ನೂ 12 ಗಂಟೆ ಮೊದಲು ಕೊಡಬೇಕು, ಬೆಂಗಳೂರಿನಿಂದ ಒಪ್ಪಿಗೆ ಬರುವ ತನಕ ಆತ ಕೆಲಸಕ್ಕೆ ಇಳಿಯುವಂತಿಲ್ಲ. ಲಿಖಿತ ಒಪ್ಪಿಗೆ ಇಲ್ಲದೆ ಬೇರೆ ಕಂಪನಿಗೆ ಕೆಲಸ ಹೊರಗುತ್ತಿಗೆ ಕೊಡುವಂತಿಲ್ಲ. ಉಡುಪು ಸಾದಾ ಜಾಕೆಟ್. ಕಪ್ಪು ಕನ್ನಡಕ, ಜೇಬುಗಳ ತುಂಬ ಜೋಲಾಡುವ ಪ್ಯಾಂಟು ಬೇಡ.

ಹಣ ಕಳಿಸುವಾಗ ಸಿಕ್ಕ ತೊಡಕೂ ಹೇಳಬೇಕಾದದ್ದೇ. ಮುಂಗಡವನ್ನು ಹೊರಡಲು ಆರು ಕೆಲಸದ ದಿನ ಇರುವಾಗ ಅಲ್ಲಿನ ಕರೆನ್ಸಿಯಾದ ರ‍್ಯಾಂಡ್‌ನಲ್ಲಿ ಕಳಿಸಿದರು. ಅಲ್ಲಿ ಹೊರದೇಶದಿಂದ ಬಂದ ಹಣ ಯಾವ ಬಾಬ್ತಿನದೆಂದು ಪಡೆಯುವವರು ತಮ್ಮ ಬ್ಯಾಂಕಿಗೆ ಘೋಷಣೆ ಕೊಡಬೇಕು. ಭದ್ರತಾ ಕಂಪನಿಯ ಲೆಕ್ಕದವರು ಅದನ್ನು ಕೊಡದೆ ಹಣ ನಿಂತುಹೋಯಿತು. ಹಣ ಬಾರದೆ ಟೀಮ್ ಹೊರಡುವುದಿಲ್ಲ ಎಂದರು. ಹಣ ಹೋಗಿದ್ದಕ್ಕೆ ದಾಖಲೆಯಾದ ಬ್ಯಾಂಕಿನ ಸ್ವಿಫ್ಟ್ ಪ್ರತಿ ಕಳಿಸಿ, ಎರಡು ಸಲ ಫೋನ್ ಮಾಡಿದ ಮೇಲೆ ಶುಕ್ರವಾರ ಬಗೆಹರಿಯಿತು. ಹತ್ತು ಕೆಲಸದ ದಿನ ಇಟ್ಟುಕೊಳ್ಳುವುದು ಕ್ಷೇಮ. ಇಲ್ಲಿನ ಬ್ಯಾಂಕೂ ತೆರಿಗೆ ಘೋಷಣೆ, ಸಿ.ಎ. ಪ್ರಮಾಣಪತ್ರ ಕೇಳಬಹುದು.

ಇಳಿಯುವ ಹೊತ್ತು

ಬೆಂಗಳೂರಿನಿಂದ ಜೋಹಾನ್ಸ್‌ಬರ್ಗ್‌ಗೆ ನೇರ ವಿಮಾನ ಇಲ್ಲ. ಅಡಿಸ್ ಅಬಾಬಾ, ದುಬೈ, ದೋಹಾ ಮುಂತಾದ ಕಡೆ ಬದಲಾಯಿಸಬೇಕು. ಅಡಿಸ್ ಅಬಾಬಾದಲ್ಲಿ 12 ಗಂಟೆಗಿಂತ ಹೆಚ್ಚು ಕಾದರೆ ದಕ್ಷಿಣ ಆಫ್ರಿಕಾ ಹಳದಿ ಜ್ವರದ ಲಸಿಕೆ ಪತ್ರ ಕೇಳುತ್ತದೆ. ಆ ಲಸಿಕೆಯನ್ನು ಹತ್ತು ದಿನ ಮೊದಲು ಹಾಕಿಸಿರಬೇಕು. ಟಿಕೆಟ್ ಆರಿಸುವಾಗ ಅದಕ್ಕಿಂತ ಮುಖ್ಯವಾಗಿ ನೋಡಿದ್ದು ಹಗಲು ಇಳಿಯುವ ವಿಮಾನ. ಜುಲೈ ಅಲ್ಲಿ ಚಳಿಗಾಲ, ಸಂಜೆ 5.25ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಇಮಿಗ್ರೇಶನ್, ಲಗೇಜು ಎಂದು ಒಂದೂವರೆ ಗಂಟೆ ಹೋದರೂ ಬೆಳಕಿರುವಾಗಲೇ ಹೋಟೆಲ್ ಸೇರುವಂತೆ ಲೆಕ್ಕ ಹಾಕಿದರು.

ಕೈಚೀಲ ಮಾತ್ರ ಇದ್ದರೆ ನಿಲ್ದಾಣದಿಂದ ಸ್ಯಾಂಡ್ಟನ್‌ಗೆ ಗೌಟ್ರೇನ್ ರೈಲು ಚೆನ್ನಾಗಿದೆ. ಸುಮಾರು ಕಾಲು ಗಂಟೆ, ಸ್ಟೇಷನ್‌ಗಳಲ್ಲಿ ಕಾವಲೂ ಇದೆ. ಮಾದರಿ ಪೆಟ್ಟಿಗೆ ಇದ್ದುದರಿಂದ ರಸ್ತೆಯನ್ನೇ ಆರಿಸಿಕೊಂಡರು.

ಭೇಟಿಯ ಗುರುತು ಹೀಗೆ ಗೊತ್ತಾಗಿತ್ತು. ಬೋರ್ಡಿನ ಮೇಲೆ ಕಂಪನಿಯ ಹೆಸರಾಗಲಿ, ಎಂ.ಡಿ.ಯವರ ಹೆಸರಾಗಲಿ ಇಲ್ಲ, ಒಂದು ಸಂಖ್ಯೆ ಮಾತ್ರ. ಹೆಸರು ಬರೆದ ಬೋರ್ಡನ್ನು ಓದಿಕೊಂಡ ಯಾರೇ ಆದರೂ ಎರಡು ಹೆಜ್ಜೆ ಮುಂದೆ ನಿಂತು ನಿಮ್ಮನ್ನು ಹೆಸರು ಹಿಡಿದು ಕರೆಯಬಹುದು. ಅಂಗರಕ್ಷಕನ ಫೋಟೊ ಹಿಂದಿನ ರಾತ್ರಿಯೇ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ಎದುರು ಬಂದಾಗ ಆತ “ರಾಗಿ” ಎನ್ನಬೇಕು. ಅಲ್ಲಿನವರ ಬಾಯಲ್ಲಿ ಸಲೀಸಾಗಿ ಬರುವ, ಊಹಿಸಿ ಹೇಳಲಾಗದ ಪದ. ಆತ ಹೇಳಿದ, ಗುರುತಿನ ಚೀಟಿ ತೋರಿಸಿದ, ಮುಖ ಫೋಟೊದ ಜೊತೆ ಹೊಂದಿತು. ಆಮೇಲೆ ಟ್ರಾಲಿ ಹಾಲ್‌ನಲ್ಲಿ ಎಲ್ಲೂ ನಿಲ್ಲಲಿಲ್ಲ. ಕರೆನ್ಸಿ ಬದಲಾಯಿಸುವ ಕೆಲಸ ಹೋಟೆಲಿಗೆ ಹೋದ ಮೇಲೆ.

ಅಲ್ಲೂ ನಮ್ಮ ಹಾಗೆ ಗಾಡಿ ಎಡಗಡೆ ಓಡುತ್ತದೆ, ಡ್ರೈವರ್ ಬಲಕ್ಕೆ. ಅಂಗರಕ್ಷಕ ಮುಂದಿನ ಎಡ ಸೀಟಿನಲ್ಲಿ, ಎಂ.ಡಿ. ಆತನ ಹಿಂದೆ, ಎಂಜಿನಿಯರ್ ಡ್ರೈವರ್ ಹಿಂದೆ. ಹೀಗೆ ಕೂತರೆ ಫುಟ್‌ಪಾತ್ ಕಡೆಯ ಬಾಗಿಲನ್ನು ಅಂಗರಕ್ಷಕ ಇಳಿದು ತೆರೆಯುತ್ತಾನೆ. ಆತ ತೆರೆಯುವ ತನಕ ಯಾರೂ ಹಿಡಿಗೆ ಕೈಹಾಕುವಂತಿಲ್ಲ. ಬ್ಯಾಗುಗಳು ಡಿಕ್ಕಿಯಲ್ಲಿ, ಅದೂ ಗಾಡಿ ಹತ್ತುವ ಮುಂಚೆಯೇ. ದಾರಿಯಲ್ಲಿ ನಿಲ್ಲಿಸಿ ಡಿಕ್ಕಿಗೆ ಹಾಕಿದರೆ ನೋಡುವವರಿಗೆ ನೀವೇ ತೋರಿಸಿದಂತೆ. ಸಿಗ್ನಲ್‌ನಲ್ಲಿ ಮುಂದಿನ ಗಾಡಿಯ ಹಿಂದಿನ ಟೈರು ರಸ್ತೆಗೆ ತಾಗುವುದು ಕಾಣುವಷ್ಟು ಜಾಗ ಬಿಟ್ಟು ಡ್ರೈವರ್ ನಿಲ್ಲಿಸುತ್ತಿದ್ದ. ಅಷ್ಟಿದ್ದರೆ ರಿವರ್ಸ್ ಹಾಕದೆ ತಿರುಗಿಸಿಕೊಂಡು ಹೋಗಬಹುದು.

ಆ ಸಂಜೆ ಹೋಟೆಲಿನ ಬೇಸ್‌ಮೆಂಟ್‌ನಲ್ಲಿ ಹತ್ತು ನಿಮಿಷ ಹತ್ತಿ ಇಳಿಯುವ ಅಭ್ಯಾಸ ಆಯಿತು. ಅಂಗರಕ್ಷಕ “ಡೌನ್” ಎಂದರೆ ಕಿಟಕಿಗಿಂತ ಕೆಳಗೆ ಬಗ್ಗಬೇಕು, ಏನೆಂದು ನೋಡಬಾರದು. ಯಾರಾದರೂ ಬ್ಯಾಗ್ ಕೇಳಿದರೆ ಕೊಟ್ಟುಬಿಡಬೇಕು. ಆತನ ಕೆಲಸ ಕಳ್ಳನನ್ನು ಹಿಡಿಯುವುದಲ್ಲ, ಇವರಿಬ್ಬರನ್ನು ಅಲ್ಲಿಂದ ಕರೆದುಕೊಂಡು ಹೋಗುವುದು.

ಮೂರನೇ ದಿನದ ಬದಲಿ

ಮೂರನೇ ದಿನ ಜರ್ಮಿಸ್ಟನ್ ಭೇಟಿ, ಎಂಟೂವರೆಗೆ. ಬೆಳಿಗ್ಗೆ 6.40ಕ್ಕೆ ಭದ್ರತಾ ಕಂಪನಿಯಿಂದ ಸಂದೇಶ ಬಂತು: ಅಂಗರಕ್ಷಕನಿಗೆ ಜ್ವರ, ಬೇರೆಯವರು ಬರುತ್ತಿದ್ದಾರೆ. ಪೀಣ್ಯದಲ್ಲಿ ಆಗ 10.10. ಮ್ಯಾನೇಜರ್ ಕಾಗದ ಕೇಳಿದರು. ಬಂದ ನಂಬರ್ ವೆಬ್‌ಸೈಟಿನಲ್ಲಿ ಸರಿಯಾಗಿಯೇ ಇತ್ತು, ಬಿ ದರ್ಜೆ. ಆದರೆ ವ್ಯಕ್ತಿ ರಕ್ಷಣೆಯ ಪ್ರಮಾಣಪತ್ರ ಇರಲಿಲ್ಲ, ಬಂದೂಕಿನ ಅನುಮತಿ ಪತ್ರ ಹಳೆಯ ಅಂಗರಕ್ಷಕನ ಹೆಸರಲ್ಲೇ ಇತ್ತು.

“ಸರ್, ಈಗ ಬರ್ತಿರೋವ್ರ ಕಾಗದ ಸರಿ ಇಲ್ಲ. ಇನ್ನೊಬ್ರು ಬರೋವರ್ಗೂ ಹೋಟೆಲ್ ಬಿಟ್ಟು ಹೊರಡ್ಬೇಡಿ.”

“ಎಂಟೂವರೆಗೆ ಅವ್ರು ಕಾಯ್ತಿರ್ತಾರಲ್ಲಮ್ಮಾ.”

“ಅವ್ರಿಗೆ ನಾನೇ ಫೋನ್ ಮಾಡಿ ಹತ್ತಕ್ಕೆ ಹಾಕ್ಸಿದೀನಿ ಸರ್. ನೀವು ತಿಂಡಿ ಮುಗಿಸ್ಕೊಳ್ಳಿ.”

ಒಂಬತ್ತರ ಹೊತ್ತಿಗೆ ಸರಿಯಾದ ಕಾಗದ ಇರುವ ಮತ್ತೊಬ್ಬ ಬಂದ. ಒಂದೂವರೆ ಗಂಟೆ ತಡವಾಯಿತು, ಅಷ್ಟೆ. ಬದಲಿ ಕಳಿಸುವುದೇ ತಪ್ಪೆನ್ನಲಾಗದು, ಜ್ವರ ಯಾರಿಗೂ ಬರುತ್ತದೆ. ಬೆಳಗಿನ ಅವಸರದಲ್ಲಿ, ಲಾಬಿಯಲ್ಲಿ ಎದುರಿಗೆ ನಿಂತವನನ್ನು ಬೇಡ ಎನ್ನಲು ಗಿರಾಕಿಗೆ ಮುಜುಗರವಾಗುತ್ತದೆ, ಅಲ್ಲೇ ನುಸುಳಿಕೊಳ್ಳುವುದು. ಅದಕ್ಕಾಗಿಯೇ ತೀರ್ಮಾನಿಸುವ ಅಧಿಕಾರ ಬೆಂಗಳೂರಿನಲ್ಲಿ, ಪ್ರವಾಸದ ಒತ್ತಡ ಇಲ್ಲದವರ ಕೈಯಲ್ಲಿ ಇರಬೇಕು.

ಜರ್ಮಿಸ್ಟನ್‌ನ ಗೇಟಿನಲ್ಲಿ ಬಂದೂಕು ಒಳಗೆ ಬಿಡುವುದಿಲ್ಲ ಎಂದರು. ಇದು ಮೊದಲೇ ಗೊತ್ತಿತ್ತು, ಹಿಂದಿನ ವಾರ ಇಮೇಲ್ ಮಾಡಿ ಕೇಳಿದ್ದರು. ಅಂಗರಕ್ಷಕ ಗಾಡಿಯಲ್ಲೇ ಹೊರಗೆ ಉಳಿದ, ಒಳಗೆ ಕಾರ್ಖಾನೆಯವರದೇ ಕಾವಲು. ಕೇಳದೆ ಹೋಗಿದ್ದರೆ ಗೇಟಿನಲ್ಲಿ ನಿಂತು ವಾದ ಮಾಡುವ ಹೊತ್ತೇ ಅಪಾಯದ ಹೊತ್ತಾಗುತ್ತಿತ್ತು.

ಗಣಿಗೆ ಹೋದ ದಿನ

ಸ್ಯಾಂಡ್ಟನ್‌ನಿಂದ ಕಾರ್ಲೆಟನ್‌ವಿಲ್ ಸುಮಾರು 90 ಕಿ.ಮೀ., ದಾರಿಯ ಒಂದು ದೊಡ್ಡ ಭಾಗ ಎನ್12 ಹೆದ್ದಾರಿ. ಆ ದಾರಿಯನ್ನು ಡ್ರೈವರ್ ಎರಡು ದಿನ ಮೊದಲೇ ಒಮ್ಮೆ ಓಡಿಸಿ ನೋಡಿದ್ದ. ಪೊಲೀಸ್ ಠಾಣೆಗಳು, ಜನ ಮತ್ತು ಕ್ಯಾಮೆರಾ ಇರುವ ಪೆಟ್ರೋಲ್ ಬಂಕುಗಳು, ಆಸ್ಪತ್ರೆಗಳನ್ನು ಗುರುತುಹಾಕಿದ ನಕ್ಷೆಯನ್ನು ಭದ್ರತಾ ಕಂಪನಿಯ ಕಂಟ್ರೋಲ್ ರೂಮಿಗೂ ಬೆಂಗಳೂರಿಗೂ ಕಳಿಸಿದ್ದ. ದೊಡ್ಡ ಗಾಯವಾದರೆ ಪಾರ್ಕ್‌ಟೌನ್‌ನ ಮಿಲ್‌ಪಾರ್ಕ್ ಆಸ್ಪತ್ರೆ ಎಂದು ಗೊತ್ತುಮಾಡಿದ್ದರು. ಅದರ ಟ್ರಾಮಾ ಘಟಕಕ್ಕೆ ಒಳ್ಳೆಯ ಹೆಸರಿದೆ. ಅಲ್ಲಿನ ಖಾಸಗಿ ಆಸ್ಪತ್ರೆಗಳು ಹಣದ ಖಾತರಿ ಕೇಳುವುದರಿಂದ ಪ್ರವಾಸ ವಿಮೆಯ ಪಾಲಿಸಿ ನಂಬರ್, 24 ಗಂಟೆಯ ಸಹಾಯವಾಣಿ ಅಂಗರಕ್ಷಕನ ಜೇಬಿನಲ್ಲೂ ಇತ್ತು. ತುರ್ತು ನಂಬರುಗಳು: ಪೊಲೀಸ್ 10111, ಆಂಬುಲೆನ್ಸ್ 10177, ಮೊಬೈಲಿನಿಂದ 112. ಭಾರತದ ಕಾನ್ಸುಲೇಟ್ ಜನರಲ್ ಜೋಹಾನ್ಸ್‌ಬರ್ಗ್‌ನಲ್ಲೇ ಇದೆ, ಹೈಕಮಿಷನ್ ಪ್ರಿಟೋರಿಯಾದಲ್ಲಿ.

ಹಿಂದಿರುಗುವುದು ಮೂರು ಗಂಟೆಗೆ ಎಂದಿತ್ತು. ಗಣಿಯವರ ಮಾತು ಬೆಳೆದು ನಾಲ್ಕೂವರೆ ಆಯಿತು. ಎನ್12ರಲ್ಲಿ ಕತ್ತಲಾಗುತ್ತಿರುವಾಗ, ಹಿಂದೆ ಬಂದ ನಂಬರ್ ಪ್ಲೇಟ್ ಮಸುಕಾದ ಸೆಡಾನ್‌ನಲ್ಲಿ ನೀಲಿ ದೀಪ ಹೊಳೆಯಿತು. ಸಮವಸ್ತ್ರ ಕಾಣುತ್ತಿರಲಿಲ್ಲ. ಡ್ರೈವರ್ ನಿಲ್ಲಿಸಲಿಲ್ಲ, ವೇಗ ಹೆಚ್ಚಿಸಲೂ ಇಲ್ಲ. ಹಜಾರ್ಡ್ ದೀಪ ಹಾಕಿ, ವೇಗವನ್ನು 40ರ ಸುಮಾರಿಗೆ ಇಳಿಸಿ, ಕಿಟಕಿಯಿಂದ ಕೈ ಹೊರಚಾಚಿ ಮುಂದೆ ಬನ್ನಿ ಎಂಬ ಸನ್ನೆ ಮಾಡಿದ. ಅಂಗರಕ್ಷಕ ಕಂಟ್ರೋಲ್ ರೂಮಿಗೆ ಜಾಗ ಹೇಳಿ, ಆ ಗಾಡಿ ನಿಜಕ್ಕೂ ಪೊಲೀಸರದೇ ಎಂದು ವಿಚಾರಿಸಲು ಹೇಳಿದ. ಹಿಂದೆ ಕೂತವರಿಗೆ ಫೋನ್ ಮುಟ್ಟಬೇಡಿ, ತಿರುಗಿ ನೋಡಬೇಡಿ ಎಂದ. ಠಾಣೆಗೆ ಅಥವಾ ಬೆಳಕಿರುವ ಸಾರ್ವಜನಿಕ ಜಾಗಕ್ಕೆ ಹೋಗಿ ನಿಲ್ಲುತ್ತೇನೆಂದು ತೋರಿಸಿಕೊಡುವ ಈ ಕ್ರಮ ಅಲ್ಲಿ ಎಲ್ಲರೂ ಬಲ್ಲದ್ದು. ನಿಜವಾದ ಪೊಲೀಸರಿಗೆ ಇದರಿಂದ ಓಡಿಹೋಗುತ್ತಿದ್ದಾರೆಂಬ ಅನುಮಾನ ಬರುವುದಿಲ್ಲ. ಬಂಕಿನ ತಿರುವು ಬರುತ್ತಿದ್ದಂತೆ ಸೆಡಾನ್ ಮುಂದೆ ಹೋಯಿತು. ಅದರಲ್ಲಿ ಯಾರಿದ್ದರೆಂದು ಕೊನೆಗೂ ತಿಳಿಯಲಿಲ್ಲ.

ಈ ಹೊತ್ತಿನಲ್ಲಿ ಬಂದೂಕು ಸೊಂಟ ಬಿಟ್ಟು ಹೊರಬರಲಿಲ್ಲ ಎಂಬುದನ್ನು ಗಮನಿಸಬೇಕು. ನಿಜವಾದ ಪೊಲೀಸರಾಗಿದ್ದರೆ, ಹೊರಬಂದ ಬಂದೂಕೇ ದೊಡ್ಡ ಅನಾಹುತಕ್ಕೆ ಕಾರಣವಾಗುತ್ತಿತ್ತು.

ಪೀಣ್ಯದಲ್ಲಿ ಆಗ ರಾತ್ರಿ ಒಂಬತ್ತು ಗಂಟೆ. ಗಾಡಿಯ ಲೈವ್ ಲೊಕೇಶನ್ ಮ್ಯಾನೇಜರ್ ಫೋನಿನಲ್ಲಿತ್ತು. ಹೊರಟಾಗ, ಮುಟ್ಟಿದಾಗ ಸಂದೇಶ ಬರಬೇಕು. ಹೇಳಿದ ಹೊತ್ತಿಗಿಂತ 15 ನಿಮಿಷ ಮೀರಿದರೆ ಡ್ರೈವರಿಗೆ, 30 ಮೀರಿದರೆ ಕಂಟ್ರೋಲ್ ರೂಮಿಗೆ, 45 ಮೀರಿದರೆ ಪೊಲೀಸರಿಗೆ ಮತ್ತು ಕಾನ್ಸುಲೇಟಿಗೆ ಫೋನ್ ಎಂದು ಗೊತ್ತಾಗಿತ್ತು. ಆದರೆ ಗಣಿಯಿಂದ ತಡವಾಗಿ ಹೊರಡುತ್ತೇವೆಂದು ಯಾರೂ ತಿಳಿಸಿರಲಿಲ್ಲ. ಮೂರೂಕಾಲಕ್ಕೆ ಡ್ರೈವರಿಗೆ ಫೋನ್ ಬಂದಾಗಲೇ ಬೆಂಗಳೂರಿಗೆ ವಿಷಯ ಗೊತ್ತಾದದ್ದು. ಕತ್ತಲಿಗೆ ಸಿಕ್ಕಿಹಾಕಿಕೊಂಡದ್ದೇ ಈ ಪ್ರವಾಸದ ದೊಡ್ಡ ಲೋಪ. ಗಿರಾಕಿಯ ಮಾತು ಮುರಿಯಲು ಸಂಕೋಚಪಟ್ಟ ಎಂ.ಡಿ.ಯವರಿಗೆ “ಹೊರಡಲೇಬೇಕು” ಎಂದು ಹೇಳುವ ಅಧಿಕಾರ ಯಾರಿಗಿದೆ ಎಂಬುದು ಎಲ್ಲೂ ಬರೆದಿರಲಿಲ್ಲ.

ಲೆಕ್ಕ ಮತ್ತು ತಿದ್ದುಪಡಿ

ಅಂತಿಮ ಬಿಲ್ಲಿನಲ್ಲಿ ಗಣಿಯ ದಿನಕ್ಕೆ ಎರಡು ಗಂಟೆಯ ಹೆಚ್ಚುವರಿ ಮತ್ತು 200 ಮೀರಿದ ಕಿಲೋಮೀಟರ್ ಸೇರಿತ್ತು. ಮೂರನೇ ದಿನದ ತಡಕ್ಕೆ ಒಂದೂವರೆ ಗಂಟೆಯ ಹಣವನ್ನು ಭದ್ರತಾ ಕಂಪನಿ ತಕರಾರಿಲ್ಲದೆ ಬಿಟ್ಟಿತು, ಏಕೆಂದರೆ ಬದಲಿಯವನ ಕಾಗದ 12 ಗಂಟೆ ಮೊದಲು ಕೊಡಬೇಕೆಂಬ ಷರತ್ತು ಆರ್ಡರಿನಲ್ಲಿತ್ತು. ಅಂಗರಕ್ಷಕ ಮತ್ತು ಡ್ರೈವರ್ ದಿನವೂ ಬರೆದ ಅರ್ಧ ಪುಟದ ವರದಿಗಳನ್ನು ತರಿಸಿಕೊಂಡು, ಪ್ರಯಾಣಿಕರ ಪಾಸ್‌ಪೋರ್ಟ್ ಪ್ರತಿಗಳನ್ನು ಅಳಿಸಿಹಾಕಿದ ಬಗ್ಗೆ ಲಿಖಿತ ಉತ್ತರ ಪಡೆದರು.

ನವೆಂಬರ್ ಪ್ರವಾಸದ ಆರ್ಡರಿನಲ್ಲಿ ಬದಲಿ ಅಂಗರಕ್ಷಕನ ಹೆಸರೂ ಕಾಗದವೂ ಮೊದಲೇ ಸೇರಿದವು. ಹೊರಡುವ ಗಡುವನ್ನು ಜಾರಿಮಾಡುವ ಅಧಿಕಾರ ಅಂಗರಕ್ಷಕನಿಗೆ ಬಂತು. ಗಡುವಿಗೆ ಇಪ್ಪತ್ತು ನಿಮಿಷ ಇರುವಾಗ ಆತ ಎಂ.ಡಿ.ಯವರಿಗೆ ಫೋನ್ ಮಾಡುತ್ತಾನೆ, ಅದನ್ನು ನೆಪಮಾಡಿಕೊಂಡು ಅವರು ಎದ್ದು ಬರಬಹುದು. ಗಣಿಯ ಭೇಟಿ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆಂದು ಗಣಿಯವರಿಂದಲೇ ಇಮೇಲ್‌ನಲ್ಲಿ ಬರೆಸಿಕೊಂಡರು.